ದೇವರ ಮನೆಯಲ್ಲಿಟ್ಟ ನಕ್ಷೆ

ಆ ಕಾಗದ ನನ್ನ ದಿಂಬಿನ ಕೆಳಗಿತ್ತು. ಹಾಸಿಗೆ ಕೊಡವುವಾಗ ಅತ್ತೆಗೆ ಸಿಕ್ಕಿತು. ಒಂದು ಉದ್ದನೆಯ ಚೌಕ, ಅಂಚಿಗೆ ಎಂಟು ಇಂಗ್ಲಿಷ್ ಅಕ್ಷರಗಳು, ಒಳಗೆ ಗೆರೆಗಳು, ಸುತ್ತುಗಳು.

"ಇದ್ಯಾವ ಯಂತ್ರನವ್ವ? ಯಾರು ಬರ್ಕೊಟ್ರು?"

"ಹಾಸನದಲ್ಲಿ ಒಬ್ಬರು" ಎಂದೆ. "ಮನಸ್ಸಿಗೆ ನೆಮ್ಮದಿ ಸಿಗಲಿ ಅಂತ."

ಅವರು ಅದರ ನಾಲ್ಕು ಮೂಲೆಗೂ ವಿಭೂತಿ ಹಚ್ಚಿ ದೇವರ ಮನೆಯಲ್ಲಿಟ್ಟರು.

ನನ್ನ ಗಂಡ ಬಸವೇಶ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಹೊಳೆನರಸೀಪುರದ ಮನೆಯಲ್ಲಿ ಉಳಿದವರು ಅತ್ತೆ ಸುವರ್ಣಮ್ಮ ಮತ್ತು ನಾನು. ವಾರಕ್ಕೆ ಮೂರು ದಿನ ಕಂಪ್ಯೂಟರ್ ಕ್ಲಾಸಿಗೆಂದು ಹೇಳಿ ಹಾಸನದ ಬಸ್ಸು ಹತ್ತುತ್ತಿದ್ದೆ. ಹೋಗುತ್ತಿದ್ದದ್ದು ಕಟ್ಟಾಯದ ದಾರಿಯಲ್ಲಿದ್ದ ಕುದುರೆ ಸವಾರಿ ಶಾಲೆಗೆ. ಯೂನಿವರ್ಸಿಟಿಯಲ್ಲಿದ್ದಾಗ ಎನ್‌ಸಿಸಿಯಲ್ಲಿ ಸವಾರಿ ಕಲಿತಿದ್ದೆ. ಶಾಲೆ ನಡೆಸುವ ಮನೋಹರ ಅವರಿಗೆ ಮಕ್ಕಳಿಗೆ ಕಲಿಸುವವರು ಬೇಕಿತ್ತು. "ಭಾನುವಾರದ ಸ್ಪರ್ಧೆಯಲ್ಲಿ ಡ್ರೆಸಾಜ್ ಮಾಡಿ ತೋರಿಸಿ. ಪಕ್ಕದಲ್ಲಿ ಯಾರೂ ದಾರಿ ಓದಿ ಹೇಳೋ ಹಾಗಿಲ್ಲ. ಆಮೇಲೆ ಕೆಲಸದ ಮಾತು" ಎಂದಿದ್ದರು.

ಡ್ರೆಸಾಜ್ ಎಂದರೆ ಓಟದ ಪಂದ್ಯವಲ್ಲ. ಅಂಗಳದ ಸುತ್ತ ಅಕ್ಷರದ ಹಲಗೆಗಳಿರುತ್ತವೆ. ಯಾವ ಅಕ್ಷರದಲ್ಲಿ ತಿರುಗಬೇಕು, ಎಲ್ಲಿ ಸುತ್ತು ಹಾಕಬೇಕು, ಎಲ್ಲಿ ನಿಲ್ಲಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಅದೇ ಕ್ರಮದಲ್ಲಿ, ತಪ್ಪದೆ ಕುದುರೆಯನ್ನು ನಡೆಸಬೇಕು. ದಿಂಬಿನ ಕೆಳಗಿನ ಕಾಗದದಲ್ಲಿದ್ದದ್ದು ಆ ದಾರಿಯೇ.

ನೆನಪಿಗೆಂದು ಅಕ್ಷರಗಳಿಗೆ ಊರುಗಳನ್ನು ಹೊಂದಿಸಿದೆ. ಎ ಅರಕಲಗೂಡು, ಕೆ ಕಟ್ಟಾಯ, ಸಿ ಚನ್ನರಾಯಪಟ್ಟಣ, ಎಚ್ ನಮ್ಮೂರು. ಎಫ್‌ಗೆ ಊರಿಲ್ಲ, ಫ್ಯಾಕ್ಟರಿ ಎಂದುಕೊಂಡೆ. ಇ ಅಕ್ಷರಕ್ಕೆ ತೀರಿಹೋದ ಮಾವ ಈಶ್ವರಯ್ಯನವರ ಹೆಸರನ್ನೇ ಇಟ್ಟೆ. ಬಿ ಎಂದಾಗ ಮೊದಲು ಬಂದದ್ದು ಬಸವೇಶ. ಬೇಡವೆನಿಸಿತು. ಬೇಲೂರು ಎಂದಿಟ್ಟೆ.

ಕಾಗದ ದೇವರ ಮನೆ ಸೇರಿದ ಮೇಲೆ ಬೆಳಿಗ್ಗೆ ಅಲ್ಲಿಯೇ ನಿಂತು ಕಲಿಯಬೇಕಾಯಿತು. ಅತ್ತೆ ಪಕ್ಕದಲ್ಲಿ ಕೂತು ಕೇಳುವರು.

"ಇದೇನ್ ಮಂತ್ರವೋ, ಕಂಡಕ್ಟರ್ ಕೂಗ್ದಂಗೈತೆ" ಎಂದರು ಮೊದಲ ದಿನ. ನಾಲ್ಕನೆಯ ದಿನಕ್ಕೆ ಅವರಿಗೇ ಬಾಯಿಪಾಠವಾಗಿತ್ತು. "ಅರಕಲಗೂಡಲ್ಲಿ ಒಳಕ್ಕೆ, ನಡುಮಧ್ಯ ನಿಂತು ನಮಸ್ಕಾರ, ಚನ್ನರಾಯಪಟ್ಣದಲ್ಲಿ ಎಡಕ್ಕೆ, ನಮ್ಮೋರತ್ರ ಒಂದು ಸುತ್ತು, ಫ್ಯಾಕ್ಟ್ರಿಯಿಂದ ಅಡ್ಡ ಆಯ್ದು ನಮ್ಮೂರು, ಬೇಲೂರಲ್ಲಿ ಇನ್ನೊಂದು ಸುತ್ತು." ಗಂಡನ ಹೆಸರನ್ನು ಅವರು ಮಂತ್ರದಲ್ಲೂ ಹೇಳಲಿಲ್ಲ.

ಪಕ್ಕದ ಮನೆಯ ಕೃಷ್ಣಮ್ಮನಿಗೂ ಸುದ್ದಿ ಹೋಯಿತು. "ನಮ್ ಕಿರಣಂಗೆ ಎಲ್ಲೂ ಹೆಣ್ಣು ಕೂಡಿ ಬತ್ತಿಲ್ಲ ಕಣವ್ವ. ನಂಗೂ ಒಂದು ಬರ್ಕೊಡು" ಎಂದರು. ಆಗಲಾದರೂ ನಿಜ ಹೇಳಬಹುದಿತ್ತು. ನಾನು ಬರೆದುಕೊಟ್ಟೆ. ಅದೂ ಮೂಲವನ್ನು ನೋಡದೆ, ನೆನಪಿನಿಂದ. ಕಲಿತದ್ದಕ್ಕೆ ಪರೀಕ್ಷೆಯೂ ಆಯಿತು ಎಂದುಕೊಂಡೆ. ಅವರು ಆ ಕಾಗದವನ್ನು ಕಣ್ಣಿಗೊತ್ತಿಕೊಂಡರು.

ಭಾನುವಾರ ಅಂಗಳದೊಳಗೆ ಹೋದೆ. ನಿಂತೆ, ನಮಸ್ಕರಿಸಿದೆ. ಎಡಕ್ಕೆ ತಿರುಗಿದೆ, ಸುತ್ತು ಬಂತು, ಅಡ್ಡ ಹಾಯ್ದೆ. ಅಲ್ಲಿಯವರೆಗೆ ತಲೆಯಲ್ಲಿ ಬೇರೇನೂ ಇರಲಿಲ್ಲ. ಬಿ ಹಲಗೆ ಎದುರಿಗೆ ಬಂತು, ಪಕ್ಕಕ್ಕೆ ಬಂತು, ಹಿಂದಾಯಿತು. ಗಂಟೆ ಹೊಡೆಯಿತು.

"ಬಿ ಹತ್ತಿರ ಸುತ್ತು ಬಿಟ್ಟಿರಿ. ಅಲ್ಲಿಂದಲೇ ಮತ್ತೆ ಮಾಡಿ" ಎಂದರು ತೀರ್ಪುಗಾರರು.

ಮಾಡಿ ಮುಗಿಸಿದೆ. ಎರಡು ಅಂಕ ಹೋದವು. ಅಂಗಳದ ಹೊರಗೆ ಮನೋಹರ ಕುದುರೆಯ ಕತ್ತು ತಟ್ಟಿ, "ಒಂದು ತಪ್ಪು ಎಲ್ರೂ ಮಾಡ್ತಾರೆ. ಬುಧವಾರದಿಂದ ಬನ್ನಿ. ಮನೇಲಿ ಗೊತ್ತು ತಾನೆ?" ಎಂದರು. ಗೊತ್ತು ಎಂದೆ. ಅದು ಎಷ್ಟನೆಯ ಸುಳ್ಳೋ.

ಬಸ್ಸು ಹತ್ತುವ ಮೊದಲು ಬಟ್ಟೆ ಬದಲಿಸಿರಲಿಲ್ಲ. ಬೂಟು ಹಾಕಿಕೊಂಡೇ ಬಾಗಿಲಲ್ಲಿ ನಿಂತು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಹುರುಳಿ ಆರಿಸುತ್ತಿದ್ದರು. ಮೊರವನ್ನು ಕೆಳಗಿಟ್ಟರು.

"ನಾನು ಅದ್ರ ಮುಂದೆ ದಿನಾ ಬಸವೇಶನ್ ಹೆಸ್ರೇಳಿ ಕೈ ಮುಗೀತಿದ್ದೆ" ಎಂದರು.

"ಕುದುರೆ ಮೇಲೆ ಐದು ನಿಮಿಷ ಅವರ ನೆನಪು ಬರಲ್ಲ ಅತ್ತೆ. ಅದಕ್ಕೇ ಹೋಗ್ತಿದ್ದೆ."

ಅವರು ಕೆಳಗಿದ್ದ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದರು. ಆಮೇಲೆ ಕೇಳಿದರು. "ಎಲ್ಲಿ ತಪ್ತು?"

"ಬೇಲೂರಲ್ಲಿ."

"ದಿನಾ ಹೇಳ್ತಿದ್ನಲ್ಲ, ಅಲ್ಲೊಂದು ಸುತ್ತು ಅಂತ." ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. "ಕೃಷ್ಣಮ್ಮಂಗೆ ನಾನೇಳಕ್ಕಾಗಲ್ಲ. ನೀನೇ ಓಗಿ ಏಳು. ಅವ್ರು ಅದ್ನ ಗಾಜಾಕ್ಸಿ ಕಟ್ಟಾಕ್ಸವ್ರೆ."

ಹೋದೆ. ಕೃಷ್ಣಮ್ಮ ನನ್ನ ಬೂಟು ನೋಡಿದರು. "ಬಾರವ್ವ, ನೂರು ವರ್ಷ ನಿಂಗೆ. ಅರಸೀಕೆರೆ ಕಡೆಯಿಂದ ಒಂದು ಜಾತಕ ಬಂದೈತೆ, ಮೊನ್ನೆ ಗೋಡೆಗಾಕಿದ್ದು, ನೆನ್ನೆ ಬಂತು."

ಗಾಜಿನ ಹಿಂದೆ ನನ್ನ ಅಕ್ಷರಗಳಿದ್ದವು. ಮೇಲೆ ಅರಿಶಿನ, ಕುಂಕುಮ, ಒಂದು ಕನಕಾಂಬರ. ಬಿ ಹತ್ತಿರ ಬರಿಯ ನೇರ ಗೆರೆ. ಸುತ್ತನ್ನು ನಾನು ಅಲ್ಲಿಯೂ ಬರೆದಿರಲಿಲ್ಲ.

"ಅದು ಯಂತ್ರ ಅಲ್ಲ ಕೃಷ್ಣಮ್ಮನೋರೆ" ಎಂದೆ. ನಿಂತುಕೊಂಡೇ ಹೇಳಿ ಮುಗಿಸಿದೆ. ಕುದುರೆ ದಾರಿ ಎಂಬ ಮಾತನ್ನು ಎರಡು ಸಲ ಹೇಳಬೇಕಾಯಿತು.

ಅವರು ಗೋಡೆಯ ಕಡೆ ತಿರುಗಿ, ಸೊಟ್ಟಗಿದ್ದ ಚೌಕಟ್ಟನ್ನು ಬೆರಳಿನಿಂದ ನೇರ ಮಾಡಿದರು.

"ಇರ್ಲಿ ಬುಡು. ಮೊಳೆ ವಡ್ದಾಗೈತೆ."

ಇಷ್ಟನ್ನೂ ನನ್ನ ಮುಖ ನೋಡದೆಯೇ ಹೇಳಿದರು.