ಇಲ್ಲದ ಬಾಯ್ಲರಿಗೆ ಇಬ್ಬರು

ದಾಂಡೇಲಿಯ ತರಬೇತಿ ಕೇಂದ್ರಕ್ಕೆ ನಾನು ಕಟ್ಟಿಕೊಟ್ಟದ್ದು ಇಲ್ಲದ ಬಾಯ್ಲರು. ಕಂಪ್ಯೂಟರಿನ ಒಳಮನೆಯಾದ ಕರ್ನೆಲ್‌ನಲ್ಲಿ ಕುಳಿತ ನನ್ನ ಡ್ರೈವರ್ ಎಂಬ ಪ್ರೋಗ್ರಾಮು, ಬಾಯ್ಲರು ನಿಜವಾಗಿ ಇದೆಯೇನೋ ಎಂಬಂತೆ ಒತ್ತಡದ ಲೆಕ್ಕ ಹೇಳುತ್ತದೆ. ಹೊರಗಿನಿಂದ ಅದನ್ನು ಆಡಿಸಲು ಸಣ್ಣ ಸಣ್ಣ ಕಡತಗಳಿವೆ. ‘ಉರಿ’ ಎಂಬ ಕಡತಕ್ಕೆ ನಲವತ್ತು ಎಂದು ಬರೆದರೆ ಉರಿ ನಲವತ್ತಕ್ಕೆ ನಿಲ್ಲುತ್ತದೆ. ಯಾರು ಬೇಕಾದರೂ ಬರೆಯಬಹುದು, ಕೊನೆಗೆ ಬರೆದವರ ಮಾತು ನಡೆಯುತ್ತದೆ. ಇಷ್ಟು ಸರಳ ಮಾಡಿದೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆ ಜಂಬ ಇಳಿಸಿದ್ದು ದುರ್ಗವ್ವನ ಪರೀಕ್ಷೆ. ಹಳಿಯಾಳದಿಂದ ಬಸ್ಸಿಗೆ ಬರುವ ಅವಳು ಇಲ್ಲಿಯ ಕಾಗದದ ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಗುತ್ತಿಗೆಯ ಕೆಲಸದವಳು. ಪಾಸಾದರೆ ಆಪರೇಟರ್, ಇಲ್ಲದಿದ್ದರೆ ಮತ್ತೆ ಬೂದಿ ಎತ್ತುವುದೇ ಗತಿ. ಬಾಯ್ಲರಿಗೆ ಯಾವಾಗಲೂ ಇಬ್ಬರು, ಒಬ್ಬರು ಉರಿಗೆ, ಒಬ್ಬರು ನೀರಿಗೆ. ಉರಿಗೆ ದುರ್ಗವ್ವ, ನೀರಿನ ಪರದೆಗೆ ಕುಳಿತವನು ಹಳೆಯ ಆಪರೇಟರ್ ಸಿಕಂದರ. ಗಂಡ ತೀರಿದ ಮೇಲೆ ಅವಳಿಗೆ ಕೆಲಸ ಕೊಡಿಸಿದವನೂ ಕಲಿಸಿದವನೂ ಅವನೇ. ಅವನೆದುರು ಅವಳು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ.

ಪರೀಕ್ಷಕ ಅಂದಾನೆಪ್ಪ ಒತ್ತಡ ಏರಿಸಿದ. ದುರ್ಗವ್ವ ಉರಿಯನ್ನು ಅರವತ್ತರಿಂದ ಇಪ್ಪತ್ತಕ್ಕೆ ಇಳಿಸಿದಳು. ಮಿಲ್ಲಿನಲ್ಲಿ ಪಕ್ಕದವರ ಒತ್ತಡದ ಮುಳ್ಳು ಏರುತ್ತಿದ್ದರೆ ಯಾರೂ ಸುಮ್ಮನಿರುವುದಿಲ್ಲ, ಓಡಿಬಂದು ಉರಿ ಇಳಿಸುವ ಚಕ್ರಕ್ಕೆ ಕೈ ಹಚ್ಚುತ್ತಾರೆ. ಸಿಕಂದರನೂ ಹಚ್ಚಿದ. ಅವಳು ಆಗಲೇ ಇಳಿಸಿದ್ದು ಅವನ ಪರದೆಯಲ್ಲಿ ಕಾಣಲಿಲ್ಲ. ಅರವತ್ತೇ ಇದೆ ಎಂದುಕೊಂಡು ನಲವತ್ತು ಎಂದು ಬರೆದ. ನಿಜವಾದ ಚಕ್ರವನ್ನು ಇಬ್ಬರು ತಿರುಗಿಸಿದರೆ ಉರಿ ಬೇಗ ಇಳಿಯುತ್ತದೆ. ನನ್ನ ಕಡತದಲ್ಲಿ ಇಪ್ಪತ್ತು ಇದ್ದದ್ದು ನಲವತ್ತಾಗಿ, ಬಾಯ್ಲರು ಸಿಡಿಯಿತೆಂದು ಪರದೆ ಸಾರಿತು.

ದುರ್ಗವ್ವನ ಮುಖ ಕಂಡು ನನಗೆ ಸಂಕಟವಾಯಿತು. ನನ್ನ ಮೇಲೆಯೇ ಸಿಟ್ಟು ಬಂತು.

“ತಪ್ಪು ಆಕೀದಲ್ರಿ, ನನ್ನ ಕಡತದ್ದು,” ಎಂದೆ ಅಂದಾನೆಪ್ಪನಿಗೆ.

“ಹಂಗಾರ ಸರಿ ಮಾಡ್ರಿ. ಸೋಮವಾರ ಇನ್ನೊಮ್ಮೆ ಕೂಡಸ್ತೇನಿ. ಅದ ಕಡೀದು.”

ಸರಿ ಮಾಡಿದೆ. ಈಗ ಉರಿಯ ಕಡತ ಮೊದಲು ತೆರೆದವರ ಕೈಯಲ್ಲೇ ಇರುತ್ತದೆ. ಅವರು ಮುಚ್ಚುವ ತನಕ ಬೇರೆಯವರು ಬರೆಯುವಂತಿಲ್ಲ. ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಸೋಮವಾರ ಒತ್ತಡ ಏರಿದಾಗ ದುರ್ಗವ್ವ ಇಪ್ಪತ್ತು ಎಂದು ಬರೆದಳು. ‘ಬೇರೆಯವರ ಕೈಯಲ್ಲಿದೆ’ ಎಂದಿತು ಪರದೆ. ಸಿಕಂದರ, ಹುಡುಗಿಗೆ ಬೇಕಾದೀತು ಎಂದು, ಮೊದಲೇ ಉರಿಯ ಕಡತ ತೆರೆದಿಟ್ಟುಕೊಂಡಿದ್ದ! ನಾನು ಬಾಯಿ ಬಿಡಹೋದೆ. ಅಂದಾನೆಪ್ಪ ಕಣ್ಣಲ್ಲೇ ಗದರಿಸಿದ.

“ಚಾಚಾ, ಕೈ ತಗೀರಿ,” ಎಂದಳು ದುರ್ಗವ್ವ ಮೆಲ್ಲಗೆ.

“ನೀ ಅಂಜಬ್ಯಾಡವಾ, ನಾ ಇಳಸ್ತೇನಿ ತಡಿ.”

ಅವನು ನೀರಿನ ಅಂಕಿ ಬರೆದು ಮುಗಿಸುವಷ್ಟರಲ್ಲಿ ಮುಳ್ಳು ಅಪಾಯದ ಕೆಂಪು ಗೆರೆಯ ಹತ್ತಿರ ಬಂತು.

“ಉರಿ ನಂದೈತಿ! ಕೈ ತಗೀರಿ ಅಂದ್ನೆಲ್ಲ!”

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಿಕಂದರ ಕಡತ ಮುಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ. ಅವಳು ಮತ್ತೆ ಇಪ್ಪತ್ತು ಬರೆದಳು. ಮುಳ್ಳು ನಿಂತಿತು, ಆಮೇಲೆ ಇಳಿಯತೊಡಗಿತು. “ಪಾಸ್,” ಎಂದ ಅಂದಾನೆಪ್ಪ.

ದುರ್ಗವ್ವ ಅಳುತ್ತ ಸಿಕಂದರನ ಕಾಲು ಮುಟ್ಟಲು ಬಗ್ಗಿದಳು. ಅವನು ಹಿಂದೆ ಸರಿದ.

“ಏಳ ಬೇ. ನಾಳೆ ಖರೇ ಬಾಯ್ಲರ್ ಮುಂದ ನಾ ಕೈ ಹಾಕಿದ್ರ, ಹಿಂಗ ಬೈಬೇಕು ನೋಡು.”

ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.