ಬಿಳಿ ಹೆಲ್ಮೆಟ್

"ಉಪ್ಪ, ಇವರಲ್ಲಿ ಬಡವರು ಮೊಣಕಾಲು ಮುಚ್ಚುವ ಹೊದಿಕೆ ಹೊದ್ದರೆ ಶಿಕ್ಷೆಯಂತೆ!"

ಶಾಹೀದಾ ಬೆಳಗಿನ ಚಹಾದ ಲೋಟದ ಪಕ್ಕದಲ್ಲೇ ಶಾಲೆಯ ಲೈಬ್ರರಿಯ ದಪ್ಪ ಪುಸ್ತಕ ಬಿಡಿಸಿಕೊಂಡಿದ್ದಳು. ಹಳೆಯ ಮೆಕ್ಸಿಕೋದ ಅಜ್ಟೆಕ್ ಜನರ ಕಾನೂನಿನ ಬಗ್ಗೆ ನಾಲ್ಕು ಪುಟ ಬರೆದು ತರಬೇಕೆಂದು ಟೀಚರ್ ಹೇಳಿದ್ದರು.

"ಉದ್ದ ಹೊದಿಕೆ ದೊಡ್ಡವರಿಗೆ ಮಾತ್ರ. ಹತ್ತಿ ಬಟ್ಟೆಯೂ ಅವರಿಗೇ. ಬಡವರಿಗೆ ನಾರಿನದ್ದು."

"ಅದನ್ನು ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ? ನಮ್ಮ ಕ್ಯಾಂಪಿಗೆ ಬಾ" ಎಂದು ಅಪ್ಪ ಅಬ್ದುಲ್ ಜಲೀಲ್ ನಕ್ಕ.

ಸೌದಿಯ ಅಲ್ ಖಫ್ಜಿಯ ಆ ಕಾಂಟ್ರಾಕ್ಟ್ ಕಂಪೆನಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ತಲೆ ನೋಡಿದರೆ ಸಾಕಿತ್ತು. ಬಿಳಿ ಹೆಲ್ಮೆಟ್ ಎಂದರೆ ಇಂಜಿನಿಯರು, ಮೇಲಿನ ದರ್ಜೆಯವರು. ಅವರಿಗೆ ತಂಪು ಕೋಣೆಯಲ್ಲಿ ಊಟ, ಗೇಟಿನಲ್ಲಿ ಸಲಾಮು. ಹಳದಿ ಎಂದರೆ ಕೂಲಿ. ಅವನು ಕಂಪೆನಿಯ ಬಸ್ಸಿನಲ್ಲೇ ಬರಬೇಕು, ಬಸ್ಸಿನಲ್ಲೇ ಹೋಗಬೇಕು, ನಡುವೆ ಪಾಸಿಲ್ಲದೆ ಹೊರಗೆ ಕಾಲಿಡುವಂತಿಲ್ಲ. ಗೇಟಿನ ಟೈಂಕೀಪರ್ ಜಲೀಲನದು ನೀಲಿ, ಒಂಬತ್ತು ವರ್ಷದಿಂದಲೂ ನೀಲಿ. ಅವನ ನಂತರ ಬಂದವರಿಬ್ಬರು ಬಿಳಿ ಹಾಕಿಕೊಂಡು ಅವನೆದುರೇ ಓಡಾಡುತ್ತಿದ್ದರು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

ಸೀನ ಅವನ ಊರಿನವನೇ, ಕಾಪು ಕಡೆಯವನು. ಕಾಂಕ್ರೀಟ್ ಕೆಲಸ, ಹಳದಿ ಹೆಲ್ಮೆಟ್. ಎರಡು ವರ್ಷದ ಕರಾರು ಮುಗಿದು ಏಳು ತಿಂಗಳಾಗಿದ್ದರೂ ಕಂಪೆನಿ ಬಿಟ್ಟಿರಲಿಲ್ಲ. ಕಳೆದ ವಾರ ಊರಿನಿಂದ ಟೆಲಿಗ್ರಾಂ ಬಂತು: ಹೆಂಡತಿ ಸುಂದರಿಗೆ ಕಾಯಿಲೆ ಜೋರಾಗಿದೆ, ಕೂಡಲೇ ಹೊರಟು ಬಾ. ಕ್ಯಾಂಪ್ ಬಾಸ್ ಅದನ್ನು ಓದಿ, "ಈ ತಿಂಗಳು ಇದು ಆರನೇ ಸಾಯುವ ಹೆಂಡತಿ" ಎಂದು ಮೇಜಿನಾಚೆ ಎಸೆದ. ಸುಳ್ಳು ಟೆಲಿಗ್ರಾಂ ತರಿಸುವವರೂ ಇದ್ದರು, ಅದಕ್ಕೆ ಸುಂದರಿ ಏನು ಮಾಡಬೇಕು?

ಶುಕ್ರವಾರ ಸೀನ ಜಲೀಲನ ಹತ್ತಿರ ಬಂದಿದ್ದ. "ಎಂತಾದ್ರೂ ಒಂದು ದಾರಿ ಹೇಳಿ ಜಲೀಲಣ್ಣ. ಡಾಕ್ಟ್ರು ಹತ್ತು ದಿನ ಅಂದಿದ್ದಾರಂತೆ."

"ಲೇಬರ್ ಆಫೀಸಿಗೆ ಹೋಗ್ಬೇಕು. ಅವರು ವೀಸಾ ಕೊಟ್ಟ ಕಫೀಲನನ್ನು ಕರೆಸಿ ದೇಶ ಬಿಡುವ ಎಕ್ಸಿಟ್ ಕೊಡಿಸ್ತಾರೆ. ಆದ್ರೆ ಅದು ಮಧ್ಯಾಹ್ನಕ್ಕೇ ಮುಚ್ತದೆ ಮಾರಾಯ. ಹಗಲಲ್ಲಿ ನಿನ್ನನ್ನು ಗೇಟು ದಾಟಿಸುವವರು ಯಾರು?" ಎಂದಿದ್ದ ಜಲೀಲ್. ಅರ್ಜಿಯನ್ನೂ ತಾನೇ ಬರೆದುಕೊಟ್ಟಿದ್ದ.

ಆ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನ ಕಡೆಗೆ ಒಂದು ಬಿಳಿ ಹೆಲ್ಮೆಟ್ ಬಂತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ಪಠಾಣ ಕಾವಲುಗಾರ ಸಲಾಮು ಹೊಡೆದು ಅಡ್ಡಪಟ್ಟಿ ಎತ್ತಿದ. ಕ್ಯಾಬಿನ್ನಿನಲ್ಲಿದ್ದ ಜಲೀಲ್ ಕೂಡ ಅಭ್ಯಾಸದಂತೆ ಎದ್ದು ನಿಂತ. ಆಗ ಅವನ ಕಣ್ಣು ಆ ಮನುಷ್ಯನ ಕಾಲಿಗೆ ಬಿತ್ತು. ಬಾಯಿ ಬಿಟ್ಟ ಬೂಟು, ಸಿಮೆಂಟು ಮೆತ್ತಿಕೊಂಡಿತ್ತು, ಹಗ್ಗ ಸುತ್ತಿ ಕಟ್ಟಿತ್ತು. ಶುಕ್ರವಾರ ಸೀನ ಇದೇ ಬೂಟಿನಲ್ಲಿ ಬಂದಿದ್ದ.

ಸೀನನಿಗೆ ತಾನು ಎದ್ದು ನಿಂತೆನೇ! ಜಲೀಲನ ತಲೆಗೆ ರಕ್ತ ಏರಿತು. ಸುಂದರಿಯೂ ನೆನಪಾಗಲಿಲ್ಲ, ತಾನೇ ಬರೆದ ಅರ್ಜಿಯೂ ನೆನಪಾಗಲಿಲ್ಲ.

"ಏ ಸೀನಾ!"

ಟ್ಯಾಕ್ಸಿ ನಿಲ್ಲುವ ರಸ್ತೆ ಹದಿನೈದು ಹೆಜ್ಜೆ ದೂರದಲ್ಲಿತ್ತು. ಓಡಬಹುದಿತ್ತು. ಆದರೆ ಸೀನ ನಿಂತ. ತಿರುಗಿ, ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಊರಲ್ಲಿ ಅವನ ಅಪ್ಪ ಬಾಡನೂ ಗುತ್ತಿನ ಮನೆಯ ಯಜಮಾನರು ಕರೆದಾಗ ಅಡಿಕೆ ಹಾಳೆಯ ಮುಟ್ಟಾಳೆಯನ್ನು ತಲೆಯಿಂದ ತೆಗೆದು ಹಾಗೆಯೇ ನಿಲ್ಲುತ್ತಿದ್ದ. ಪಠಾಣ ಓಡಿ ಬಂದು ಅವನ ರಟ್ಟೆ ಹಿಡಿದ.

"ನೀವು ಕಾಣದ ಹಾಗೆ ಇದ್ದಿದ್ರೆ ಆಗ್ತಿತ್ತಲ್ಲ ಜಲೀಲಣ್ಣ" ಎಂದ ಸೀನ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನೀನು ಅಂತ ಗೊತ್ತಾಗ್ಲಿಲ್ಲ ಮಾರಾಯ" ಎಂದ ಜಲೀಲ್, ಹೆಸರು ಹಿಡಿದು ಕರೆದವನು.

ಮಧ್ಯಾಹ್ನದೊಳಗೆ ಸೀನನನ್ನು ಜೀಪಿಗೆ ಹಾಕಿ ಮರಳುಗಾಡಿನ ಪೈಪ್‌ಲೈನ್ ಸೈಟಿಗೆ ಕಳಿಸಿದರು. ಅಲ್ಲಿಗೆ ಹೋದವರು ಮೂರು ತಿಂಗಳು ತಿರುಗಿ ಬರುವುದಿಲ್ಲ. ಹೆಲ್ಮೆಟ್ಟನ್ನು ಅವನು ಸೈಟ್ ಆಫೀಸಿನ ಗೂಟದಿಂದ ಎತ್ತಿಕೊಂಡಿದ್ದನಂತೆ. ಹಳದಿಯವನು ಹಾಕಿದ್ದು ತನಗೆ ಬೇಡವೆಂದು ಇಂಜಿನಿಯರು ಹೊಸದು ತರಿಸಿಕೊಂಡರು. ಕ್ಯಾಂಪ್ ಬಾಸ್ ಅದನ್ನು ತಂದು ಜಲೀಲನ ಮೇಜಿನ ಮೇಲಿಟ್ಟು ಬೆನ್ನು ತಟ್ಟಿದ. "ಯಲ್ಲಾ, ಇನ್ನು ಇದು ನಿನ್ನದು."

ಬೇಡ ಎನ್ನಬೇಕಿತ್ತು. ಜಲೀಲ್ "ಶುಕ್ರನ್" ಎಂದು ಧನ್ಯವಾದ ಹೇಳಿದ.

ಸಂಜೆ ಹೆಂಡತಿ ಖದೀಜತ್ ಹೆಲ್ಮೆಟ್ಟನ್ನು ಸೆರಗಿನಲ್ಲಿ ಒರೆಸಿದ್ದೇ ಒರೆಸಿದ್ದು. "ಅಂತೂ ಕೊಟ್ರಲ್ಲ! ಒಂಬತ್ತು ವರ್ಷ ಬೇಕಾಯ್ತು ಇವರಿಗೆ."

ಶಾಹೀದಾ ಬರೆಯುತ್ತಿದ್ದವಳು ತಲೆ ಎತ್ತಿದಳು. "ಉಪ್ಪ, ಇದು ಕೇಳಿ. ಮಾರಲಿಕ್ಕೆ ತಂದ ಗುಲಾಮ ಸಂತೆಯಿಂದ ಓಡಿ ಅರಮನೆ ಮುಟ್ಟಿದ್ರೆ ಅವನಿಗೆ ಬಿಡುಗಡೆ. ಯಜಮಾನ, ಯಜಮಾನನ ಮಗ, ಇವರು ಮಾತ್ರ ಅವನನ್ನು ಹಿಡೀಬಹುದು."

"ಬೇರೆಯವರು ಹಿಡಿದ್ರೆ?" ಖದೀಜತ್ ಕೇಳಿದಳು.

"ಹಿಡಿದವನೇ ಗುಲಾಮ."

"ಒಳ್ಳೆ ಕಾನೂನು" ಎಂದು ನಕ್ಕು ಖದೀಜತ್ ಹೆಲ್ಮೆಟ್ಟನ್ನು ಗಂಡನ ಕೈಗೆ ಕೊಟ್ಟಳು. "ಒಮ್ಮೆ ಹಾಕಿ ತೋರಿಸಿ, ನೋಡುವ."

ಹಾಕಿದ. ಸರಿಯಾಗಿ ಕೂರಲಿಲ್ಲ, ನೆತ್ತಿಗೆ ಏನೋ ಒತ್ತಿತು. ತೆಗೆದು ಒಳಗಿನ ಪಟ್ಟಿಯಡಿ ಬೆರಳು ಹಾಕಿದ. ನಾಲ್ಕು ಮಡಿಕೆ ಮಾಡಿದ ಟೆಲಿಗ್ರಾಂ, ಬೆವರಿಗೆ ಇನ್ನೂ ತೇವವಾಗಿತ್ತು.

"ಅದೆಂತ ಉಪ್ಪ?"

ಜಲೀಲ್ ಅದನ್ನು ಇದ್ದ ಮಡಿಕೆಯಲ್ಲೇ ಮಡಚಿದ.

"ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ. ಚಹಾ ತರ್ತೇನೆ" ಎಂದು ಖದೀಜತ್ ಒಳಗೆ ಹೋದಳು. ಅವಳು ಲೋಟ ಹಿಡಿದು ತಿರುಗಿ ಬಂದಾಗಲೂ ಅವನು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ, ಅಲ್ಲೇ ನಿಂತಿದ್ದ.