ಮೊದಲ ಮೇವು

ಸಂಜೆ ಮೇದು ಬಂದ ಹಸುಗಳ ಉಸಿರಿನಲ್ಲಿ ಹಸಿ ಹುಲ್ಲಿನ ವಾಸನೆಯ ಜೊತೆಗೆ ಬೆಚ್ಚಗಿನ ಹಾಲಿನ ವಾಸನೆಯೂ ಬೆರೆತಿರುತ್ತಿತ್ತು. ಚಿಕ್ಕಂದಿನಲ್ಲಿ ಕೆಂಗೇರಿಯ ಅಜ್ಜನ ಕೊಟ್ಟಿಗೆಯಲ್ಲಿ ಆ ಉಸಿರಿಗೆ ಮುಖ ಒಡ್ಡಿ ನಿಲ್ಲುತ್ತಿದ್ದ ಸತ್ಯವತಿ, ೧೯೭೪ರಲ್ಲಿ ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ಸುಂಕದಕಟ್ಟೆಯ ಹೊಸ ಬಡಾವಣೆಗೆ ಬಂದಾಗ, ಕಿಟಕಿಯಾಚೆಗೆ ಊರಿನ ಗೋಮಾಳ ಕಂಡು ಹಿಗ್ಗಿದ್ದಳು. ಎಲ್ಲರ ದನಗಳೂ ಮೇಯುವ ಬಯಲಂತೆ ಅದು.

ಆದರೆ ಮಳೆಗಾಲ ಹಿಡಿದ ಮೇಲೆ ಒಂದು ದನವೂ ಅತ್ತ ಸುಳಿಯಲಿಲ್ಲ. ಹುಲ್ಲು ಮೊಣಕಾಲೆತ್ತರ ಬೆಳೆಯಿತು. ಅದರಲ್ಲಿ ಹಾವು ಕಾಣಿಸಿಕೊಂಡಿತು. ಬಡಾವಣೆಯ ಸಂಘದ ಕಾರ್ಯದರ್ಶಿಯಾಗಿದ್ದ ಅವಳ ಗಂಡ ಗೋಪೀನಾಥ, ಇದು ಯಾರಿಗೂ ಬೇಡದ ಜಾಗ, ಮಕ್ಕಳಿಗೆ ಪಾರ್ಕಾದರೂ ಆಗಲಿ ಎಂದ. ಗೌರಿ ಹಬ್ಬ ಕಳೆದ ಭಾನುವಾರ ಸಂಘದವರೆಲ್ಲ ನಿಂತು ಒಂದೇ ದಿನದಲ್ಲಿ ಕಲ್ಲುಕಂಬ ನೆಡಿಸಿ ಮುಳ್ಳುತಂತಿ ಎಳೆಸಿದರು.

ಸೋಮವಾರ ಬೆಳಿಗ್ಗೆ ನೋಡಿದರೆ ಊರಿನ ದನಗಳೆಲ್ಲ ಬೇಲಿಯ ಹೊರಗೆ ನಿಂತಿದ್ದವು. ಎಲ್ಲಕ್ಕಿಂತ ಮುಂದೆ ಒಂದೇ ಒಂದು ಕಂದು ಹಸುವಿನ ಹಗ್ಗ ಹಿಡಿದು ಅಣ್ಣಮ್ಮ. ಗಂಡ ತೀರಿಹೋಗಿದ್ದ, ಹೊಲವಿರಲಿಲ್ಲ. ಹಸು ಕರು ಹಾಕಿ ತಿಂಗಳಾಗಿತ್ತು. ಹುಲ್ಲಿಲ್ಲದೆ ಹಾಲು ಬತ್ತುತ್ತಿತ್ತು. ಇಂದು ಮೇವು ಸಿಗದಿದ್ದರೆ ಅದನ್ನು ಸಂತೆಗೆ ಹೊಡೆಯದೆ ಬೇರೆ ದಾರಿಯಿಲ್ಲ ಎಂದು ಪಕ್ಕದವರ ಹತ್ತಿರ ಮೆಲ್ಲಗೆ ಹೇಳುತ್ತಿದ್ದಳು. ಅವಳ ಹಿಂದೆ, ಬಡಾವಣೆಗೆ ಹಾಲು ಹಾಕುವ ಹನುಮಯ್ಯ ತನ್ನ ಎತ್ತುಗಳನ್ನು ಹಿಡಿದು ನಿಂತಿದ್ದ.

"ಮೂರು ತಿಂಗಳಿಂದ ಒಂದು ದನಾನೂ ಬರಲಿಲ್ವಲ್ಲ ಹನುಮಯ್ಯನವರೇ. ನಿಮಗೆ ಬೇಡ ಅಂದ್ಕೊಂಡ್ವಿ," ಎಂದ ಗೋಪೀನಾಥ.

"ಬೇಕು ಅಂತಾನೇ ದನ ಕಟ್ಟಾಕಿದ್ವಿ ಸ್ವಾಮಿ. ಮಳೇಲಿ ತುಳಿಸಿಬಿಟ್ರೆ ಹುಲ್ಲು ಏಳೋದೆಲ್ಲಿ?"

ಹಬ್ಬ ಕಳೆದ ಮೊದಲ ಸೋಮವಾರ ದನಗಳನ್ನು ಬಯಲಿಗೆ ಬಿಡುವುದು ಅಲ್ಲಿನ ರೂಢಿಯಂತೆ. ನಮ್ಮ ಮಕ್ಕಳು ಲಾರಿ ಓಡಾಡುವ ರಸ್ತೆಯಲ್ಲಿ ಆಡುತ್ತವೆ, ಅವಕ್ಕೂ ಜಾಗ ಬೇಡವೇ ಎಂದು ಗೋಪೀನಾಥ ಕೇಳಿದ. ಬೇಕು ಎಂದು ಹನುಮಯ್ಯ ಒಪ್ಪಿದ. ತಾವೂ ದನಗಳ ಜೊತೆ ಇಲ್ಲೇ ಆಡಿ ಬೆಳೆದವರು ಎಂದ.

"ಹಂಗಾದ್ರೆ ನಮ್ಮ ಎಮ್ಮೆಗೂ ಒಂದು ಜಾರುಬಂಡೆ ಹಾಕ್ಸಿ ಸಾರ್," ಎಂದು ಹಿಂದಿನಿಂದ ಯಾರೋ ಕುಟುಕಿದರು. ಒಬ್ಬರೂ ನಗಲಿಲ್ಲ.

ಗೋಪೀನಾಥ ದನಿ ತಗ್ಗಿಸಿ, ಎಲ್ಲರದೂ ಆಗುವುದಿಲ್ಲ, ಹನುಮಯ್ಯನ ದನಗಳಿಗೆ ಬೇಕಾದರೆ ಒಂದು ಮೂಲೆ ಬಿಡಿಸಿಕೊಡುವುದಾಗಿ ಹೇಳಿದ. ಹುಲ್ಲು ಕಂಡ ಎತ್ತುಗಳು ಮುಂದಕ್ಕೆ ಎಳೆಯುತ್ತಿದ್ದವು. ಹನುಮಯ್ಯ ಮೂಗುದಾರ ಬಿಗಿಹಿಡಿದ.

"ನೆಲ ಇಲ್ದೋರ ದನ ಮೊದಲು ಬಾಯಿ ಹಾಕ್ಬೇಕು ಸ್ವಾಮಿ. ಅಣ್ಣಮ್ಮನ ಹಸು ಹೋಗ್ದೆ ನನ್ನ ಎತ್ತು ಒಳಕ್ಕೆ ಹೋಗಲ್ಲ."

ಸತ್ಯವತಿ ಗಂಡನ ಪಕ್ಕಕ್ಕೆ ಬಂದು ನಿಂತಳು. "ದಿನಾ ಕಿಟಕೀಲಿ ನೋಡ್ತಿದ್ದೆ ಕಣ್ರೀ. ನಾನೂ ಯಾರಿಗೂ ಬೇಡದ ಜಾಗ ಅಂತಲೇ ಅಂದ್ಕೊಂಡೆ. ಒಬ್ಬರನ್ನಾದ್ರೂ ಒಂದು ಮಾತು ಕೇಳಲಿಲ್ಲ ನಾವು."

ಗೋಪೀನಾಥ ತಂತಿಯನ್ನು ಕೈಯಲ್ಲಿ ಎಳೆದು ನೋಡಿದ. ಆಮೇಲೆ ಮನೆಗೆ ಹೋಗಿ ಕಟಿಂಗ್ ಪ್ಲೇಯರ್ ತಂದ. ಕತ್ತರಿಸುವಾಗ ಬಿಗಿದ ತಂತಿ ಚಿಮ್ಮಿ ಅವನ ಮುಖಕ್ಕೆ ತಗುಲದಂತೆ ಅಣ್ಣಮ್ಮ ಸೆರಗನ್ನು ಕೈಗೆ ಸುತ್ತಿಕೊಂಡು ಅದನ್ನು ಹಿಡಿದಳು. ಕಂದು ಹಸು ಒಳಹೊಕ್ಕು ತಲೆ ತಗ್ಗಿಸಿದ ಮೇಲೆಯೇ ಉಳಿದವರು ಹಗ್ಗ ಬಿಟ್ಟರು. ರಸ್ತೆ ಕಡೆಯ ಮೂಲೆಯ ಹುಲ್ಲು ಕೊಯ್ದು ಮಕ್ಕಳಿಗೆ ಬಿಟ್ಟುಕೊಡೋಣ ಎಂದು ಹನುಮಯ್ಯನೇ ಊರವರಿಗೆ ಹೇಳಿದ.

ಗೋಪೀನಾಥ ಅಂದು ಆಫೀಸಿಗೆ ಹೋಗಲಿಲ್ಲ. ಬೇಲಿ ಕತ್ತರಿಸಿದ್ದಕ್ಕೆ ಸಂಜೆ ಸಂಘದವರಿಗೆ ಉತ್ತರ ಹೇಳಬೇಕಿತ್ತು. ಮಧ್ಯಾಹ್ನ ಉಳಿದವರು ಊಟಕ್ಕೆ ಹೋದರೂ ಅಣ್ಣಮ್ಮ ಹಸುವನ್ನು ಬಿಟ್ಟು ಕದಲಿರಲಿಲ್ಲ. ಸತ್ಯವತಿ ತಟ್ಟೆಗೆ ಅನ್ನ, ಸೊಪ್ಪಿನ ಹುಳಿ ಬಡಿಸಿ ಹೊರಟಾಗ ಗೋಪೀನಾಥ ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಬಿಸಿಲಲ್ಲಿ ಬಯಲು ದಾಟಿ ಹೋಗಿ, ಬಗ್ಗಿ, ನೆಲದ ಮೇಲೆ ಕೂತಿದ್ದ ಅಣ್ಣಮ್ಮನ ಕೈಗಿತ್ತ.